ಫಾರ್ಮ್‌ನಿಂದ ತಂದ ಹಾಲಿನ ಮೊಸರು ಲೋಳೆಯಾಗುತ್ತಿದೆ, ಸಹಾಯ ಬೇಕು

ಮಕ್ಕಳಿಗೆ ಹಸು ತೋರಿಸೋಣ ಅಂತ ಮೊನ್ನೆ ಡೈರಿ ಫಾರ್ಮ್‌ಗೆ ಹೋಗಿದ್ದೆವು. ಒಂದು ಕರು ಮಗಳ ಅಂಗಿ ತುದಿಯನ್ನೇ ಚೀಪಿಬಿಟ್ಟಿತು! ಬರುವಾಗ ಆಗತಾನೇ ಕರೆದ 2 ಲೀಟರ್ ಹಾಲು ತಂದೆವು.

ಉಕ್ಕು ಬರುವ ತನಕ ಕಾಯಿಸಿದೆ. ದಪ್ಪ ಕೆನೆ ಕಟ್ಟಿತು, ವಾಸನೆಯೂ ಚೆನ್ನಾಗಿತ್ತು. ಹೆಪ್ಪು ಹಾಕಿದರೆ ಮಾತ್ರ ಎಡವಟ್ಟು. ಚಮಚ ಎತ್ತಿದರೆ ನೂಲಿನ ಹಾಗೆ ಎಳೆ ಎಳೆಯಾಗಿ ಜೋತು ಬೀಳುತ್ತದೆ. ಹುಳಿ ಜಾಸ್ತಿ ಇಲ್ಲ, ಕೆಟ್ಟ ವಾಸನೆಯೂ ಇಲ್ಲ.

ಎರಡನೇ ಸಲ ಪಾತ್ರೆಗೆ ಬಿಸಿನೀರು ಹಾಕಿ ತೊಳೆದು, ಹೆಪ್ಪು ಕಡಿಮೆ ಮಾಡಿ ನೋಡಿದೆ. ಅದೇ ಕಥೆ. ಎರಡು ಸಲವೂ ಹೆಪ್ಪು ಹಳೇ ಮೊಸರಿನದೇ, ಹಾಲು ಪೂರ್ತಿ ತಣ್ಣಗಾಗಿತ್ತು. 40–45 ಡಿಗ್ರಿ ಬಿಸಿ ಇರಬೇಕು ಅನ್ನುತ್ತಾರೆ, ಅಲ್ವಾ?

ತಪ್ಪು ಹೆಪ್ಪಿನದೋ, ಬಿಸಿ ಸಾಲದ್ದೋ? ಇನ್ನರ್ಧ ಲೀಟರ್ ಉಳಿದಿದೆ, ಮೊದಲು ಯಾವುದನ್ನು ಬದಲಾಯಿಸಲಿ?