ಬೀದಿ ಬಿಟ್ಟು ಖೋಲಿಗೆ ಬಂದವರ ಲೆಕ್ಕ ಹಿಡಿಯೂದು ಹೆಂಗ?

ಉಣಕಲ್_ದಂಡಿ:
ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಸುತ್ತ ವರ್ಷಗಟ್ಟಲೆ ಮಲಗುತ್ತಿದ್ದ 40 ಜನರಿಗೆ ಬಾಡಿಗೆ ಖೋಲಿ ಕೊಡಿಸಿ, ವಾರಕ್ಕೊಮ್ಮೆ ಕಾರ್ಯಕರ್ತರು ಹೋಗಿ ನೋಡಿ ಬರುವ ಯೋಜನೆ. ದುಡ್ಡು ಕೊಡುವವರು ಸಾಮಾಜಿಕ ಪರಿಣಾಮ ತೋರಿಸಿ, ಹಾಕಿದ ಒಂದು ರೂಪಾಯಿಗೆ ಸಮಾಜಕ್ಕೆ ಎಷ್ಟು ಉಳಿತು ಹೇಳಿ ಅಂತಿದ್ದಾರೆ. ಸದ್ಯ ಇರೋದು ಹಾಜರಿ ಪುಸ್ತಕ, ಬಾಡಿಗೆ ರಸೀದಿ. ಏನೇನು ಅಳೆಯಬೇಕು? ಹೋಲಿಕೆಗೆ ಇನ್ನೊಂದು ಗುಂಪು ಬೇಕೇ ಬೇಕಾ?

ಗೋಕುಲ್_ರೋಡ್:
ಹಾಜರಿ ಪುಸ್ತಕ ನೀವು ಏನ್ ಕೊಟ್ರಿ ಅನ್ನೂದನ್ನ ಹೇಳತೈತಿ, ಅವರ ಬಾಳೇವು ಏನಾತು ಅನ್ನೂದನ್ನಲ್ಲ. ಮೊದಲು ರಾತ್ರಿಗಳನ್ನ ಎಣಸ್ರಿ. ಖೋಲಿ ಸೇರಿದ ದಿನವೇ ಹಿಂದಿನ 12 ತಿಂಗಳ ಲೆಕ್ಕ ಬರಕೊಳ್ರಿ: ಎಷ್ಟು ರಾತ್ರಿ ಬೀದಿ, ಎಷ್ಟು ಆಶ್ರಯ ಕೇಂದ್ರ, ಆಸ್ಪತ್ರೆ, ಜೈಲು, ಬಂಧುಗಳ ಮನಿ. ಆಮೇಲೆ ಮೂರು ತಿಂಗಳಿಗೊಮ್ಮೆ ಅದನ್ನೇ ಕೇಳ್ರಿ. ಹಿಂದಿನ ಒಂದೇ ತಿಂಗಳು ಹಿಡಿದ್ರ ಮೋಸ ಹೋಗ್ತೀರಿ. ಜನ ಯೋಜನೆಗೆ ಬರೂದೇ ಕಾಲು ಕೊಳೆತು ಕಿಮ್ಸ್ ದವಾಖಾನಿ ಸೇರಿದಾಗ, ಪೊಲೀಸರು ಎತ್ತಿ ತಂದಾಗ. ಅಂಥಾ ಕೆಟ್ಟ ತಿಂಗಳಿನ ಮುಂದ ಯಾವ ತಿಂಗಳಿಟ್ರೂ ಸುಧಾರಿಸಿದಂಗ ಕಾಣತೈತಿ, ಖೋಲಿ ಕೊಡದಿದ್ರೂ.

ತಾರೀಖು ಕೇಳಿದ್ರ ಯಾರಿಗೂ ನೆನಪಿರಂಗಿಲ್ಲ. ಸಿದ್ಧಾರೂಢರ ಜಾತ್ರಿ, ರಂಗಪಂಚಮಿ, ಚೌತಿ, ದೀಪಾವಳಿ ಗುರುತು ಹಾಕಿದ ಕ್ಯಾಲೆಂಡರ್ ಮುಂದಿಟ್ಟು "ತೇರು ಎಳದ ರಾತ್ರಿ ಎಲ್ಲಿ ಮಲಗಿದ್ರಿ?" ಅಂತ ಕೇಳ್ರಿ. "ಮನಿ ಐತೇನು?" ಅಂತ ಮಾತ್ರ ಕೇಳಬ್ಯಾಡ್ರಿ. ಹಾವೇರಿ ಕಡೆ ಹಳ್ಳಿಯೊಳಗ ಅಣ್ಣನ ಮನಿ ಇದ್ದವರೂ "ಐತ್ರಿ" ಅಂತಾರ, ಆ ಹೊಸ್ತಿಲಾ ದಾಟಿ ಹತ್ತು ವರ್ಷ ಆಗಿರತೈತಿ.

ಸಪ್ತಾಪುರ_ಮಳೆ:
ದಿನನಿತ್ಯದ ಕೆಲಸಗಳಿಗೆ ಎಷ್ಟು ತೊಂದರೆ ಅಂತ ಅಳೆಯೋಕೆ ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ (WHODAS) 2.0 ಅನ್ನೋ ಪ್ರಶ್ನಾವಳಿ ಇದೆ, ಅದರ 12 ಪ್ರಶ್ನೆಗಳ ಆವೃತ್ತಿ ಸಾಕು. ಹಿಂದಿನ 30 ದಿನದ ತೊಂದರೆ ಕೇಳುತ್ತದೆ: ಅರ್ಧ ತಾಸು ನಿಲ್ಲೋದು, ಮೈ ತೊಳೆದುಕೊಳ್ಳೋದು, ಗುರುತಿಲ್ಲದವರ ಜೊತೆ ವ್ಯವಹರಿಸೋದು. ಒಂದು ಕಡೆ ಎಡವುತ್ತಾರೆ: ಮನೆಗೆಲಸದ ಪ್ರಶ್ನೆಗೆ ಬೀದಿಯಲ್ಲಿರೋರು "ಮನಿನೇ ಇಲ್ಲ, ಏನ್ ತೊಂದ್ರಿ?" ಅಂದಾಗ ಸೊನ್ನೆ ಬರೆದುಬಿಡೋದು. ಇಲ್ಲಿ ಸೊನ್ನೆ ಅಂದರೆ ತೊಂದರೆಯೇ ಇಲ್ಲ ಅಂತ. ಆರು ತಿಂಗಳಾದ ಮೇಲೆ ಖೋಲಿಯಲ್ಲಿ ಸ್ಟೋವ್ ಹಚ್ಚೋಕೆ ಒದ್ದಾಡುವಾಗ ಅಂಕ ಏರಿ, ಯೋಜನೆಯಿಂದ ಮನುಷ್ಯ ಕೆಟ್ಟ ಅನ್ನೋ ಹಾಗೆ ಕಾಣುತ್ತದೆ. 'ಅನ್ವಯಿಸದು' ಅಂತ ಬೇರೆ ಗುರುತು ಹಾಕಿ.

ಪ್ರಶ್ನೆ ಕೇಳೋರು ಬಾಡಿಗೆ ಕಟ್ಟುವ ಕಾರ್ಯಕರ್ತರೇ ಆಗಿರಬಾರದು. ಅವರೇ ಕೇಳಿದರೆ ಎಲ್ಲರದ್ದೂ "ಭಾಳ ಛಲೋ ಐತ್ರಿ" ಅಂತ ಒಂದೇ ಉತ್ತರ. ಉತ್ತರ ಕೊಡದಿದ್ದರೂ ಖೋಲಿ ಹೋಗಲ್ಲ ಅಂತ ಮೊದಲೇ ಹೇಳಿ, ಆಮೇಲೆ ಒಪ್ಪಿಗೆ ಕೇಳಿ. ಜೊತೆಗೆ ಎರಡು ಸಣ್ಣ ಪ್ರಶ್ನೆ, ನನ್ನ ಮಟ್ಟಿಗೆ ಇವೇ ದೊಡ್ಡವು: ಕೀಲಿಕೈ ಯಾರ ಹತ್ತಿರ ಇದೆ? ಒಳಗಿಂದ ಚಿಲಕ ಹಾಕಿಕೊಳ್ಳೋಕೆ ಬರುತ್ತಾ? ಕೀಲಿಕೈ ಸಂಸ್ಥೆಯ ಕಚೇರಿಯಲ್ಲಿದ್ದರೆ ಅದು ಮನೆ ಅಲ್ಲ, ಚಿಕ್ಕ ವಾರ್ಡು.

ಲೆಕ್ಕದ_ಬುಕ್:
ಉಳಿದುಕೊಂಡವರ ಶೇಕಡಾವಾರು ಲೆಕ್ಕದಲ್ಲೇ ಬಹಳ ವರದಿಗಳು ಹಾದಿ ತಪ್ಪೋದು. ಹೀಗೆ ಹಿಡಿಯಿರಿ: 40ರಲ್ಲಿ 26 ಜನ ಖೋಲಿಯಲ್ಲಿ, 5 ಜನ ಒಪ್ಪಿ ಬಂಧುಗಳ ಮನೆಗೆ, 3 ಸಾವು, 6 ಜನ ಪತ್ತೆ ಇಲ್ಲ. ಸಿಕ್ಕವರನ್ನಷ್ಟೇ ಎಣಿಸಿದರೆ 31ಕ್ಕೆ 31, ನೂರಕ್ಕೆ ನೂರು! ಪತ್ತೆ ಇಲ್ಲದವರು ಬೀದಿಗೆ ಮರಳಿದರು ಅಂತಲೇ ಹಿಡಿದರೆ, ಸಾವು ಬಿಟ್ಟು ಉಳಿದ 37ಕ್ಕೆ 31, ಸುಮಾರು ಶೇ. 84. ಎರಡನ್ನೂ ಬರೆಯಿರಿ, ಸಾವನ್ನು ಬೇರೆ ಸಾಲಿನಲ್ಲಿ ತೋರಿಸಿ. ಬೇಕಾಬಿಟ್ಟಿ ಕಳೆಯಬೇಡಿ.

ರೂಪಾಯಿ ಲೆಕ್ಕ ಕೊನೆಗೆ. ಕಿಮ್ಸ್‌ನಲ್ಲಿ ಒಂದು ಹಾಸಿಗೆ ಖಾಲಿಯಾದರೆ ಅದೇ ದಿನ ಇನ್ನೊಬ್ಬ ರೋಗಿ ಬರುತ್ತಾನೆ. ಸರ್ಕಾರದ ಖಜಾನೆಯಲ್ಲಿ ದುಡ್ಡು ಉಳಿಯಲ್ಲ, ಹಾಸಿಗೆಯ ಉಪಯೋಗ ಬದಲಾಗುತ್ತದೆ, ಅಷ್ಟೇ. ಮೊದಲ ವರ್ಷ ಖರ್ಚು ಏರಲೂಬಹುದು. ಯಾವತ್ತೂ ಡಾಕ್ಟರ್ ಮುಖ ನೋಡದವರು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಓಪಿಡಿಗೆ ಹೋಗತೊಡಗುತ್ತಾರಲ್ಲ, ಅದು ಸೋಲಲ್ಲ. ಕೆನಡಾದಲ್ಲಿ 2009ರಿಂದ 2013ರವರೆಗೆ ಐದು ನಗರಗಳಲ್ಲಿ 'ಮೊದಲು ಮನೆ' (ಹೌಸಿಂಗ್ ಫಸ್ಟ್), ಅಂದರೆ ಷರತ್ತು ಹಾಕದೆ ಮೊದಲು ಮನೆ ಕೊಡುವ ಪದ್ಧತಿಯ ಪ್ರಯೋಗ ನಡೆಯಿತು. ಅಲ್ಲೂ ಹಾಕಿದ್ದಕ್ಕಿಂತ ಹೆಚ್ಚು ಉಳಿದದ್ದು ಮೊದಲಿಂದಲೇ ಅತಿ ಹೆಚ್ಚು ಖರ್ಚಿನ ಶೇ. 10ರಷ್ಟು ಜನರ ಗುಂಪಿನಲ್ಲಿ. ಎಲ್ಲರಿಗೂ ಸರಾಸರಿ ಲಾಭ ತೋರಿಸುತ್ತೇವೆ ಅಂತ ಮಾತು ಕೊಡಬೇಡಿ.

ಉಣಕಲ್_ದಂಡಿ:
ಥ್ಯಾಂಕ್ಸ್‌ ರೀ ಎಲ್ಲರಿಗೂ. ಹೋಲಿಕೆ ಗುಂಪಿನ ಮಾತು ಉಳಿತು.

ಗೋಕುಲ್_ರೋಡ್:
ಅಳತೆ ಸಲುವಾಗಿ ಯಾರನ್ನೂ ಬೀದಿಯಲ್ಲಿ ಉಳಿಸಬ್ಯಾಡ್ರಿ. 40 ಖೋಲಿ ಹೆಂಗೂ ಒಂದೇ ದಿನ ಸಿಗಂಗಿಲ್ಲ, ಅಡ್ವಾನ್ಸ್ ಕೊಟ್ರೂ ಮಾಲಕರು ಹಿಂದ ಮುಂದ ನೋಡ್ತಾರ. ಯಾರು ಮೊದಲು ಅನ್ನೂದನ್ನ ಚೀಟಿ ಎತ್ತಿ ನಿಕ್ಕಿ ಮಾಡ್ರಿ, ಜೀವಕ್ಕೇ ಅಪಾಯ ಇದ್ದವರನ್ನ ಚೀಟಿಯಿಂದ ಹೊರಗಿಟ್ಟು ನೇರ ಸೇರಸ್ರಿ. ಚೀಟಿಯೊಳಗ ಹಿಂದ ಬಿದ್ದವರು ಕಾಯೂ ತಿಂಗಳೇ ನಿಮ್ಮ ಹೋಲಿಕೆ. ಎರಡೂ ಗುಂಪನ್ನ ಒಂದೇ ತಿಂಗಳಿನೊಳಗ ಅಳೀರಿ. ಒಬ್ಬರನ್ನ ಬ್ಯಾಸಗಿಯೊಳಗ, ಇನ್ನೊಬ್ಬರನ್ನ ಮಳಿಗಾಲದೊಳಗ ನೋಡಿದ್ರ ನಿಮ್ಮ ಅಂಕಿಯೊಳಗ ಖೋಲಿಕ್ಕಿಂತ ಮಳಿನೇ ಜಾಸ್ತಿ ಇರತೈತಿ.