ಜಿಪ್ಸಿಯ ಆಕ್ಸಲ್ ಎಣ್ಣೆ ಹಾಲುಚಹಾದಂತಾಗಿದೆ: ಗಾಡಿ ಎತ್ತರಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರರು): ನಮಸ್ಕಾರ ಸರ್. ಹೋದ ವರ್ಷ 2012ರ ಮಾದರಿಯ ಮಾರುತಿ ಜಿಪ್ಸಿಯೊಂದನ್ನು (ನಾಲ್ಕೂ ಚಕ್ರಕ್ಕೆ ಬಲ ಕೊಡಬಲ್ಲ ಜೀಪು) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ನಮ್ಮ ತೋಟಕ್ಕೆ ಹೋಗುವ ಕೊನೆಯ ಮೂರು ಕಿಲೋಮೀಟರ್ ಬರೀ ಬಂಡಿ ಜಾಡು. ನಡುವೆ ಒಂದು ಕುಂಟೆಯ ಕೋಡಿ ಹರಿಯುತ್ತದೆ, ಮಳೆ ಚೆನ್ನಾಗಿ ಬಿದ್ದರೆ ನೀರು ಚಕ್ರದ ಅರ್ಧದವರೆಗೆ ಬರುತ್ತದೆ. ಮೊನ್ನೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್‌ನ ಕೆಳಗಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ ನೋಡಿದಾಗ ಜಿನುಗಿದ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿತ್ತು. ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿ 235/75 ಆರ್ 15 ಟೈರ್ ಹಾಕಿಸಿದರೆ ನೀರಿನ ಕಾಟವೇ ಇರುವುದಿಲ್ಲವೆಂದು ಪರಿಚಯದವರು ಹೇಳುತ್ತಿದ್ದಾರೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಯಾವುದು, ಯಾವುದನ್ನು ಮೊದಲು ಮಾಡಬೇಕು ಎಂದು ತಿಳಿಸಿಕೊಡಿ.

ಉತ್ತರ (ಕೋಲಾರದ ಗ್ಯಾರೇಜ್ ಮೆಕ್ಯಾನಿಕ್): ನಮಸ್ಕಾರ. ಎತ್ತರಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎಣ್ಣೆಗೆ ಆ ಬಣ್ಣ ಬಂದಿದೆಯೆಂದರೆ ಅದರಲ್ಲಿ ನೀರು ಬೆರೆತು ಕಲಕಿಹೋಗಿದೆ ಎಂದೇ ಅರ್ಥ. ಹಾಗೆಯೇ ಓಡಿಸಿದರೆ ಬೇರಿಂಗುಗಳಿಗೂ ಕ್ರೌನ್-ಪಿನಿಯನ್ ಎಂಬ ಗೇರು ಜೋಡಿಗೂ ತುಕ್ಕು ಹಿಡಿಯುತ್ತದೆ; ಅದರ ಖರ್ಚಿನ ಮುಂದೆ ನಾಲ್ಕು ಲೀಟರ್ ಎಣ್ಣೆಯ ಬೆಲೆ ಏನೂ ಅಲ್ಲ.

ನೀರು ಹೇಗೆ ಒಳಗೆ ಹೋಗುತ್ತದೆ ಎಂಬುದನ್ನು ತಿಳಿದರೆ ಪರಿಹಾರವೂ ತಾನಾಗಿ ಹೊಳೆಯುತ್ತದೆ. ಅರ್ಧ ಗಂಟೆ ಓಡಿದ ಗಾಡಿಯ ಆಕ್ಸಲ್ ಕೈಯಿಡಲಾಗದಷ್ಟು ಕಾದಿರುತ್ತದೆ, ಅದರೊಳಗಿನ ಗಾಳಿಯೂ ಹಿಗ್ಗಿರುತ್ತದೆ. ಅದೇ ಆಕ್ಸಲ್ ಕೋಡಿಯ ತಣ್ಣೀರಿಗೆ ಇಳಿದ ಕೂಡಲೇ ಒಳಗಾಳಿ ಕುಗ್ಗಿ, ಎಲ್ಲಿ ಸಂದಿದೆಯೋ ಅಲ್ಲಿಂದ ನೀರನ್ನು ಹೀರಿಕೊಳ್ಳುತ್ತದೆ. ಆಕ್ಸಲ್ ಹೌಸಿಂಗಿನ ಮೇಲ್ಭಾಗದಲ್ಲಿ ಗಾಳಿಯಾಡಲೆಂದು ಬ್ರೀದರ್ ಎಂಬ ಪುಟ್ಟ ದಾರಿಯೊಂದನ್ನು ಕೊಟ್ಟಿರುತ್ತಾರೆ. ಅದು ನೀರಿನಲ್ಲಿ ಮುಳುಗಿದರೆ ಅದರ ಮೂಲಕವೇ ನೀರು ಬರುತ್ತದೆ, ಅದು ಕಟ್ಟಿಕೊಂಡಿದ್ದರೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲುಗಳ ಅಂಚಿನಿಂದ ಬರುತ್ತದೆ. ಆದ್ದರಿಂದ ಬ್ರೀದರನ್ನು ಸ್ವಚ್ಛಗೊಳಿಸಿ, ಅದಕ್ಕೆ ಎಣ್ಣೆ ತಡೆಯುವ ರಬ್ಬರ್ ಪೈಪೊಂದನ್ನು ಕ್ಲಿಪ್ ಹಾಕಿ ಬಿಗಿದು, ಚಾಸಿಗುಂಟ ಮೇಲಕ್ಕೆ ಒಯ್ದು ಬಾನೆಟ್ಟಿನೊಳಗೆ ಎತ್ತರದ ಜಾಗದಲ್ಲಿ ಕಟ್ಟಿ, ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಎಳೆಯದಷ್ಟು ಸಡಿಲ ಬಿಡಬೇಕು, ಸೈಲೆನ್ಸರ್ ಪೈಪಿಗೆ ತಾಗಬಾರದು. ನಿಮ್ಮಂತೆ ದಿನವೂ ನೀರು ದಾಟುವವರಿಗೆ ಇದಕ್ಕಿಂತ ಕಡಿಮೆ ಖರ್ಚಿನ ಮಾರ್ಪಾಡು ಇನ್ನೊಂದಿಲ್ಲ.

ಇನ್ನು ಎಣ್ಣೆ ಬದಲಿಸುವ ಕ್ರಮ. ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟ್ ಬಿಚ್ಚಿ, ಆಮೇಲೆ ಮಾತ್ರ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿ. ಕೆಲಸ ಕಲಿಯುವ ದಿನಗಳಲ್ಲಿ ನಾನು ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯನ್ನೆಲ್ಲ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದೆ, ಗಿರಾಕಿಯ ಗಾಡಿ ಎರಡು ದಿನ ಒಣ ಆಕ್ಸಲ್ಲಿನಲ್ಲಿ ನಿಂತಿತ್ತು. ಬಂದ ಎಣ್ಣೆಯನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿದು, ತಳದಲ್ಲಿ ಕೂತದ್ದನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ. ವಿಭೂತಿಯಂತೆ ನುಣುಪಾದ ಬೂದು ಪುಡಿ ಸಹಜ ಸವೆತ. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ, ಆಗ ಮನೆಯಲ್ಲಿ ಮುಂದುವರಿಯಬೇಡಿ. ಮಟ್ಟವಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಮೇಲಿನ ತೂತಿನ ಅಂಚಿಗೆ ಬರುವವರೆಗೆ ಹೊಸ ಎಣ್ಣೆ ತುಂಬಿದರೆ ಸಾಕು.

ಜಿಪ್ಸಿಯಲ್ಲಿ ಗೇರ್‌ಬಾಕ್ಸ್, ಅದರಿಂದ ಬೇರೆಯಾಗಿ ಕೂತು ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ಲಿನ ಉಬ್ಬಿನೊಳಗೆ ಕೂತು ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಎಂದು ನಾಲ್ಕು ಕಡೆ ಎಣ್ಣೆ ಇರುತ್ತದೆ. ಒಂದರಲ್ಲಿ ನೀರು ಕಂಡರೆ ನಾಲ್ಕನ್ನೂ ನೋಡಬೇಕು. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು, ಆದರೆ ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಅದರಲ್ಲಿರುವ ಗಂಧಕದ ಅಂಶ ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನುವ ಸಾಧ್ಯತೆ ಇರುವುದರಿಂದ ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯದೇ ಕ್ಷೇಮ.

ಅದೇ ಬೆಳೆಗಾರರು: ವಿವರಕ್ಕೆ ಧನ್ಯವಾದಗಳು ಸರ್. ಈ ಭಾನುವಾರವೇ ಬಿಚ್ಚುತ್ತೇನೆ. ಆದರೂ ಟೈರ್ ಮತ್ತು ಎತ್ತರದ ವಿಚಾರವನ್ನು ಹೇಳಿದರೆ ಮನಸ್ಸಿಗೆ ನೆಮ್ಮದಿ.

ಉತ್ತರ: ಜಾಡಿನ ನಡುವಿನ ಕಲ್ಲಿಗೆ ಮೊದಲು ಬಡಿಯುವುದು ಆಕ್ಸಲ್ಲಿನ ಮಧ್ಯದ ಉಬ್ಬು. ಕಮಾನ್ ಪಟ್ಟಿ ಬದಲಿಸಿ ನಾಲ್ಕು ಇಂಚಲ್ಲ, ಹತ್ತು ಇಂಚು ಎತ್ತರಿಸಿದರೂ ಮೇಲೇಳುವುದು ಚಾಸಿ ಮತ್ತು ಬಾಡಿಯೇ ಹೊರತು ಆ ಉಬ್ಬು ಇದ್ದಲ್ಲೇ ಇರುತ್ತದೆ. ಅದು ಮೇಲೇಳಬೇಕಾದರೆ ಟೈರ್ ದೊಡ್ಡದಾಗಬೇಕು. ಲೆಕ್ಕ ಹೇಳುತ್ತೇನೆ: ಕಂಪನಿಯ 205/70 ಆರ್ 15 ಟೈರಿನ ಒಟ್ಟು ಎತ್ತರ ಸುಮಾರು 668 ಮಿಲಿಮೀಟರ್, ನೀವು ಹೇಳುವ 235/75ರದು ಸುಮಾರು 733. ವ್ಯತ್ಯಾಸದ ಅರ್ಧ ಮಾತ್ರ ನಿಮಗೆ ದಕ್ಕುತ್ತದೆ, ಅಂದರೆ 33 ಮಿಲಿಮೀಟರ್. ಅದಕ್ಕೆ ಬದಲಾಗಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿರುತ್ತದೆ, ಗೇರುಗಳೆಲ್ಲ ಶೇಕಡಾ 10ರಷ್ಟು ಭಾರವಾಗಿ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕಾಗುತ್ತದೆ.

ಕಮಾನ್ ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಎಂಬ ಕೊಂಡಿಯನ್ನು ಉದ್ದ ಮಾಡಿ ಎತ್ತರಿಸುವವರೂ ಇದ್ದಾರೆ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು, ಆದರೆ ಮುಂದಿನ ಆಕ್ಸಲ್ ವಾಲುವ ಕೋನವೇ ಬದಲಾಗಿ ಸ್ಟೀರಿಂಗಿನ ಹದ ತಪ್ಪುತ್ತದೆ. ನಾಲ್ಕು ಇಂಚು ಎತ್ತರಿಸಿದರೆ ಬ್ರೇಕ್ ಹೋಸ್ ಗಿಡ್ಡವಾಗುತ್ತದೆ, ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗ್ ವಕ್ರ ಕೋನದಲ್ಲಿ ತಿರುಗಿ ಬೇಗ ಸವೆಯುತ್ತದೆ, ಶಾಕ್ ಅಬ್ಸಾರ್ಬರ್ ಸಾಲುವುದಿಲ್ಲ. ಒಂದನ್ನು ಬದಲಿಸಲು ಹೋಗಿ ಐದನ್ನು ಬದಲಿಸಬೇಕಾಗುತ್ತದೆ. ಹಳೆಯ ಕಮಾನ್ ಪಟ್ಟಿ ಕುಸಿದಿದ್ದರೆ ಅದನ್ನು ಕಂಪನಿಯ ಎತ್ತರಕ್ಕೆ ತರಿಸಿಕೊಳ್ಳಿ, ಬುಷ್‌ಗಳನ್ನು ಹೊಸದು ಹಾಕಿ. ಕಮಾನ್ ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟನ್ನು ಮಾತ್ರ ಮತ್ತೆ ಹಳೆಯದನ್ನೇ ಬಳಸಬೇಡಿ. ಹೊಸದನ್ನು ಹಾಕಿದ ಮೇಲೂ ನೂರಿನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿಯಬೇಕು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಂದ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ; ಇದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದೊಂದಕ್ಕೂ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಮುಂಭಾಗದ ಕಬ್ಬಿಣದ ಬುಲ್ ಬಾರ್ ಕೂಡ 2017ರ ಡಿಸೆಂಬರಿನಿಂದ ನಿಷಿದ್ಧ. ಬ್ರೀದರ್ ಪೈಪಿಗೆ ಯಾರೂ ದಂಡ ಹಾಕುವುದಿಲ್ಲ.

ಪ್ರಶ್ನೆ (ಚಿಂತಾಮಣಿಯ ಶಿಕ್ಷಕಿ): ನಮಸ್ಕಾರ. ನಮ್ಮಲ್ಲಿ ತಂದೆಯವರು ಬಳಸುತ್ತಿದ್ದ ಹಳೆಯ ಜಿಪ್ಸಿ ಇದೆ. 55-60ರ ವೇಗದಲ್ಲಿ ಸಣ್ಣ ಗುಂಡಿ ಹಾರಿದರೂ ಸ್ಟೀರಿಂಗ್ ಕೈಯಲ್ಲಿ ನಿಲ್ಲದಂತೆ ಗಡಗಡ ನಡುಗುತ್ತದೆ. ನಡುಕ ಹೀರುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಮೇಡಂ, ಡ್ಯಾಂಪರ್ ಹಾಕಿದರೆ ನಡುಕ ನಿಲ್ಲಬಹುದು, ಕಾರಣ ಹಾಗೆಯೇ ಉಳಿಯುತ್ತದೆ. ಮೊದಲು ಟೈರುಗಳ ಬ್ಯಾಲೆನ್ಸಿಂಗ್ ಮಾಡಿಸಿ. ಆಮೇಲೆ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು (ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ತೂರಬಾರದು, ಹಾಲೋಬ್ಲಾಕನ್ನೂ ನಂಬಬಾರದು), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಗ ಆಟ ಮಾಯವಾದರೆ ಅದು ಚಕ್ರದ ಬೇರಿಂಗಿನದು, ಉಳಿದರೆ, ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಬೇರಿಂಗಿನದು. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಬರುವ ಆಟ ಹೆಚ್ಚಾಗಿ ಸ್ಟೀರಿಂಗ್ ಸರಳಿನ ತುದಿಯ ಕೀಲಾದ ಟೈರಾಡ್ ಎಂಡ್‌ನದು.

ನಾನು ಕಂಡಂತೆ ಹಳೆಯ ಜಿಪ್ಸಿಗಳ ಈ ನಡುಕದಲ್ಲಿ ಬಹುಪಾಲು ಕಿಂಗ್‌ಪಿನ್ನಿನದೇ. ಅದರ ಬಿಗಿಯನ್ನು ತೆಳು ಶಿಮ್ ತಗಡುಗಳಿಂದ ಹೊಂದಿಸುತ್ತಾರೆ, ಬಿಗಿ ಎಷ್ಟಿದೆಯೆಂದು ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆದು ಅಳೆಯುತ್ತಾರೆ. ಇದನ್ನು ಅನುಭವಸ್ಥರ ಕೈಯಲ್ಲಿ ಮಾಡಿಸಿ. ಬಿಚ್ಚಿದಾಗ ನಕಲ್ ಎಂಬ ಆ ಕೀಲುಗೂಡಿನ ಒಳಗಿನ ಗ್ರೀಸ್ ಗಂಜಿಯಂತೆ ತೆಳ್ಳಗಾಗಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ ಎಣ್ಣೆ ಅಲ್ಲಿಗೆ ಸೇರಿದೆ ಎಂದು ತಿಳಿಯಿರಿ. ಸೀಲನ್ನೂ ಅದೇ ಕೂಲಿಯಲ್ಲಿ ಬದಲಿಸಿಬಿಡಿ.

ಪ್ರಶ್ನೆ (ಮುಳಬಾಗಿಲಿನ ವಿದ್ಯಾರ್ಥಿ): ಮಳೆಯಲ್ಲಿ ಹಿಡಿತ ಚೆನ್ನಾಗಿರಲೆಂದು ಹೆದ್ದಾರಿ 75ರಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಬಲ) ಹಾಕಿಕೊಂಡು ಬಂದೆ. ಊರಿಗೆ ಬಂದ ಮೇಲೆ ಲಿವರ್ ಹಿಂದಕ್ಕೇ ಬರಲಿಲ್ಲ ಅಣ್ಣ. ಏನಾದರೂ ಮುರಿದಿದೆಯೇ?

ಉತ್ತರ: ಬಹುಶಃ ಇಲ್ಲ ತಮ್ಮ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಟಾರಿನಲ್ಲಿ ಜಾರಲಾಗದೆ ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದಂತೆ ಹುರಿಗೊಳ್ಳುತ್ತವೆ. ಲಿವರನ್ನು ಹಿಡಿದಿರುವುದು ಆ ಬಿಗಿಯೇ. ಸ್ಟೀರಿಂಗ್ ನೇರವಾಗಿಟ್ಟು ಹತ್ತು ಮೀಟರ್ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲಾಗಿ ಲಿವರ್ ಬರುತ್ತದೆ. ಟಾರಿನ ಮೇಲೆ ಟು ಹೈ (ಹಿಂದಿನ ಎರಡು ಚಕ್ರಕ್ಕಷ್ಟೇ ಬಲ) ಮಾತ್ರ.

ಈ ಮಾತು ಬಂದದ್ದರಿಂದ ಎಲ್ಲರಿಗೂ ಒಂದು ಸೂಚನೆ. ಒಣಗಿದ ಕೆರೆ ಅಂಗಳವೆಂದು ಗಾಡಿ ಇಳಿಸುವ ಮೊದಲು ಕೋಲಿನಿಂದ ಚುಚ್ಚಿ ನೋಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಹರಿಯುತ್ತಿದೆ; ಮೇಲೆ ಬಿರುಕುಬಿಟ್ಟ ಹೆಪ್ಪು ಕಂಡರೂ ಕೆಳಗೆ ಮೊಣಕಾಲುದ್ದ ಗೋಡು ಇರಬಹುದು, ಅಲ್ಲಿ ನಿಧಾನದ, ಹೆಚ್ಚು ಎಳೆತದ ಫೋರ್ ಲೋ ಕೂಡ ಗಾಡಿಯನ್ನು ಇನ್ನಷ್ಟು ಹೂಳುತ್ತದೆ. ಟೈರಿನ ಗಾಳಿಯನ್ನು 16-18 ಪಿಎಸ್‌ಐಗೆ ಇಳಿಸಿದರೆ ಸಡಿಲ ಮಣ್ಣಿನಲ್ಲಿ ಅನುಕೂಲವೇನೋ ಹೌದು, ಆದರೆ ಟ್ಯೂಬ್ ಇರುವ ಟೈರಾದರೆ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಬರಬಹುದು. ಟಾರ್ ರಸ್ತೆ ಹತ್ತುವ ಮೊದಲು ಗಾಳಿ ತುಂಬಿಸಲೇಬೇಕು.

ಶ್ರೀನಿವಾಸಪುರದ ಬೆಳೆಗಾರರು (ಭಾನುವಾರ ಸಂಜೆ): ಸರ್, ಬಿಚ್ಚಿದೆ. ಮೇಲಿನ ಬೋಲ್ಟನ್ನೇ ಮೊದಲು ತೆಗೆದೆ. ಚೂರು ಯಾವುದೂ ಸಿಗಲಿಲ್ಲ, ಬೂದು ಪುಡಿ ಮಾತ್ರ ಇತ್ತು. ಬ್ರೀದರಿನ ಬಾಯಿಗೆ ಕುಂಬಾರ ಹುಳು ಗೂಡು ಕಟ್ಟಿ ಮಣ್ಣಿನಿಂದ ಮೆತ್ತಿಬಿಟ್ಟಿತ್ತು. ಸೈಕಲ್ ಕಡ್ಡಿಯಿಂದ ಚುಚ್ಚಿ ತೆಗೆದೆ. ಮುಂದಿನ ಆಕ್ಸಲ್ ಎಣ್ಣೆ ಚೆನ್ನಾಗಿದೆ. ಪೈಪ್ ಎಳೆದು ಕಟ್ಟಿದ್ದೇನೆ.

ಉತ್ತರ: ಹಾಗಿದ್ದರೆ ನೀರು ಸೀಲಿನ ಕಡೆಯಿಂದ ಬಂದಿದೆ. ಈಗ ತುಂಬಿದ ಎಣ್ಣೆಯನ್ನು 200 ಕಿಲೋಮೀಟರ್ ಓಡಿಸಿ ಮತ್ತೆ ಬದಲಿಸಿ, ಮೂಲೆಗಳಲ್ಲಿ ಉಳಿದ ನೀರು ಅದರೊಡನೆ ಹೊರಬರುತ್ತದೆ. ಆಗಲೂ ಬಿಳಿಚಿಕೊಂಡಿದ್ದರೆ ಪಿನಿಯನ್ ಸೀಲ್ ಬದಲಿಸಬೇಕು. ಆ ಕೆಲಸವನ್ನು ಮನೆಯಲ್ಲಿ ಮಾಡಬೇಡಿ, ನಟ್ಟಿನ ಬಿಗಿ ತಪ್ಪಿದರೆ ಬೇರಿಂಗ್ ಹಾಳಾಗುತ್ತದೆ. ಹಿಂದಿನ ಬ್ರೇಕ್ ಡ್ರಮ್‌ಗಳನ್ನೂ ಒಮ್ಮೆ ಬಿಚ್ಚಿ ನೋಡಿ; ಲೈನರಿನ ಮೇಲೆ ಎಣ್ಣೆಯ ತೇವ ಕಂಡರೆ ಆ ಬದಿಯ ಆಕ್ಸಲ್ ಸೀಲೂ ಹೋಗಿದೆ.