ಊಟ ಬಿಟ್ಟರೆ ಲೀಕ್ ನಿಲ್ಲುತ್ತದಾ?

ಶಿವಮೊಗ್ಗ ಚಿಕ್ಕಪ್ಪ: (ಮನೆಯವರ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್) "ಕ್ಯಾನ್ಸರ್ ಆಪರೇಷನ್ ಆಗಿ ಹೊಟ್ಟೆಗೆ ಚೀಲ ಹಾಕಿದ್ದಾರೆಯೇ? ಲೀಕ್ ಆಗುತ್ತಿದೆಯೇ? ರಾತ್ರಿ ಊಟ ಬಿಡಿ, 10 ಕೆಜಿ ಇಳಿಸಿ. ಸುತ್ತ ಕೊಬ್ಬರಿ ಎಣ್ಣೆ ಹಚ್ಚಿ. ಎಲ್ಲರಿಗೂ ಕಳಿಸಿ 🙏"

ಶಿವಮೊಗ್ಗ ಚಿಕ್ಕಪ್ಪ: ಅಣ್ಣನಿಗೇ ಬರೆದ ಹಾಗಿದೆ. ಹೊಟ್ಟೆ ಬಂದಿದೆ, ಅದಕ್ಕೇ ಲೀಕ್.

ಮೈಸೂರು ಅತ್ತೆ: ಊಟ ಬಿಡಿಸುವ ಮಾತು ಆಡಬೇಡ. ಕೀಮೋ ಆಗುವಾಗ ಅಣ್ಣ ಕಡ್ಡಿ ಆಗಿದ್ದ. ಈಗ ಮೈ ತುಂಬಿಕೊಂಡಿದ್ದಾನೆ. ಆ ಚೀಲವೇ ಸರಿ ಇಲ್ಲ, ಬೇರೆ ಕಂಪನಿಯದು ತರಿಸಿ.

ಅತ್ತಿಗೆ: ಅತ್ತೆ, ಬೇರೆ ಕಂಪನಿಯದೂ ತರಿಸಿ ಆಯ್ತು. ಅದೂ ಲೀಕ್. ಚೀಲ ನಿಲ್ಲಲು ಚರ್ಮಕ್ಕೆ ಅಂಟಿಸುವ ಪ್ಲೇಟ್ ಬದಲಾಯಿಸುವವಳು ನಾನು, ಕಂಡದ್ದು ಹೇಳುತ್ತೇನೆ. ಮಾವ ಮಲಗಿದ್ದಾಗ ಅಂಟಿಸಿದರೆ ಚೆನ್ನಾಗಿ ಕೂರುತ್ತದೆ. ಎದ್ದು ಕುರ್ಚಿಯಲ್ಲಿ ಕೂತರೆ ಸ್ಟೋಮಾದ (ಹೊಟ್ಟೆಯ ಮೇಲೆ ಹೊರತಂದ ಕರುಳಿನ ಬಾಯಿ) ಕೆಳಗೆ, ಗಡಿಯಾರದಲ್ಲಿ 6 ಇರುವ ಜಾಗದಲ್ಲಿ, ಒಂದು ಮಡಿಕೆ ಬೀಳುತ್ತದೆ. ಮಲ ಅಲ್ಲಿಂದಲೇ ಪ್ಲೇಟಿನ ಅಡಿಗೆ ನುಗ್ಗುತ್ತದೆ. ಆ ಮಡಿಕೆ ಮೊದಲು ಇರಲಿಲ್ಲ.

ಶಿವಮೊಗ್ಗ ಚಿಕ್ಕಪ್ಪ: ನಾನು ಹೇಳಿದ್ದೂ ಅದೇ ಅಲ್ವಾ? ತೂಕ!

ಅತ್ತಿಗೆ: ತೂಕವೇ ಕಾರಣ, ಒಪ್ಪಿದೆ. ಉಪವಾಸ ಮದ್ದಲ್ಲ. ದಿಢೀರನೆ ಇಳಿಸಿದರೆ ಚರ್ಮ ಜೋತು ಬಿದ್ದು ಇನ್ನೂ ಸುಕ್ಕಾಗುತ್ತದೆ, ಆಗಲೂ ಲೀಕ್. ಈ ವಯಸ್ಸಿನಲ್ಲಿ ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇನ್ನು ಕ್ಯಾನ್ಸರ್ ಆದವರಲ್ಲಿ ತೂಕ ತಾನಾಗಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. 60 ಕೆಜಿ ಇದ್ದವರು 6 ತಿಂಗಳಲ್ಲಿ 3 ಕೆಜಿ ಇಳಿದರೂ ಸುಮ್ನೆ ಬಿಡಬಾರದು. ಬೇಕಂತಲೇ ಊಟ ಬಿಟ್ಟರೆ ಯಾವುದು ಯಾಕೆ ಇಳಿಯಿತು ಅಂತ ಹೇಗೆ ಗೊತ್ತಾಗಬೇಕು?

ಮೈಸೂರು ಅತ್ತೆ: ಹಾಗೆ ಹೇಳು. ಎಣ್ಣೆಯಾದರೂ ಹಚ್ಚಬಹುದಲ್ಲ? ಚರ್ಮ ಕೆಂಪಗಾಗಿದೆ ಅಂತ ನೀನೇ ಅಂದಿದ್ದೆ.

ಅತ್ತಿಗೆ: ಎಣ್ಣೆ ಹಚ್ಚಿದರೆ ಪ್ಲೇಟ್ ಅಂಟುವುದೇ ಇಲ್ಲ! ಬರೀ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಕೆಂಪಾದದ್ದು ಮಲ ತಾಗಿ. ಪ್ಲೇಟಿನ ತೂತು ಸ್ಟೋಮಾಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಬೇಕು. ನಾವು ಆಸ್ಪತ್ರೆಯಿಂದ ಬಂದಾಗ ಕೊಟ್ಟ ರಟ್ಟಿನ ಅಳತೆಯಲ್ಲೇ ಇವತ್ತಿಗೂ ಕತ್ತರಿಸುತ್ತಿದ್ದೇವೆ. ಆಗ ಸ್ಟೋಮಾ ದುಂಡಗಿತ್ತು, ಹೊರಗೆ ಚಾಚಿತ್ತು. ಈಗ ಮೊಟ್ಟೆ ಆಕಾರ, ಚರ್ಮದ ಸಮಕ್ಕೆ ಇಳಿದಿದೆ.

ಶಿವಮೊಗ್ಗ ಚಿಕ್ಕಪ್ಪ: ಸುತ್ತ ಗಟ್ಟಿಯಾಗಿ ಟೇಪ್ ಸುತ್ತಿಬಿಡಿ.

ಅತ್ತಿಗೆ: ಸುತ್ತಿದರೆ ಮಲ ಒಳಗೇ ನಿಂತು ಚರ್ಮ ಇನ್ನೂ ಸುಡುತ್ತದೆ ಚಿಕ್ಕಮಾವ.

ದೊಡ್ಡಪ್ಪ: ನಾನೂ ಇದೇ ಗುಂಪಿನಲ್ಲಿದ್ದೇನೆ, ಎಲ್ಲರಿಗೂ ನೆನಪಿದೆಯಾ?

ಮೈಸೂರು ಅತ್ತೆ: 🙈

ದೊಡ್ಡಪ್ಪ: ಊಟ ಬಿಡುವುದು ನನಗೆ ಹೊಸದಲ್ಲ. ಮದುವೆಗೆ ಹೋಗುವ ದಿನ ಬೆಳಗ್ಗೆಯಿಂದ ಏನೂ ತಿನ್ನುವುದಿಲ್ಲ. ಆದರೂ ಕಳೆದ ಸಲ ಪಂಕ್ತಿಯಲ್ಲಿ ಕೂತಾಗ ಪಂಚೆ ಒದ್ದೆಯಾಯಿತು. ಅದಕ್ಕೇ ಪಾಯಸ ಬಡಿಸುವ ಮುಂಚೆ ಎದ್ದದ್ದು. ಇನ್ನೊಂದು ವಿಷಯ, ಹೊಟ್ಟೆ ಅಡ್ಡ ಬಂದು ಸ್ಟೋಮಾದ ಕೆಳಭಾಗ ನನಗೆ ಕಾಣುವುದೇ ಇಲ್ಲ. ಕನ್ನಡಿ ಹಿಡಿದರೆ ಕೈ ನಡುಗುತ್ತದೆ.

ಮೈಸೂರು ಅತ್ತೆ: ಅಯ್ಯೋ ಅಣ್ಣ, ಆಗಲೇ ಹೇಳಬಾರದಿತ್ತಾ? ನೀನು ಸಿಟ್ಟು ಮಾಡಿಕೊಂಡು ಹೋದೆ ಅಂತ ನಾನು ಅಂದುಕೊಂಡಿದ್ದೆ.

ಅತ್ತಿಗೆ: ಸೋಮವಾರ ಸ್ಟೋಮಾ ನರ್ಸ್ ಹತ್ತಿರ ಹೋಗುತ್ತಿದ್ದೇವೆ. ಮಲಗಿಸಿ, ಕೂರಿಸಿ, ನಿಲ್ಲಿಸಿ ನೋಡುತ್ತಾರಂತೆ. ತೆಗೆದ ಪ್ಲೇಟಿನ ಹಿಂಬದಿಯ ಫೋಟೋ ತನ್ನಿ ಅಂದರು, ಎಲ್ಲಿಂದ ಸೋರಿದೆ ಅಂತ ಅದರಲ್ಲೇ ಕಾಣುತ್ತದೆ. ಚರ್ಮದ ಕಡೆಗೆ ಉಬ್ಬಿರುವ ಕಾನ್ವೆಕ್ಸ್ ಪ್ಲೇಟ್ ಬೇಕಾಗಬಹುದು, ಅಥವಾ ಮಡಿಕೆ ತುಂಬಲು ರಿಂಗ್ ಸಾಕಾಗಬಹುದು. ಕೆಮ್ಮಿದಾಗ ಪಕ್ಕದಲ್ಲಿ ಉಬ್ಬಿದರೆ ಹರ್ನಿಯಾ ಇರಬಹುದು, ಆಗ ಡಾಕ್ಟರೇ ನೋಡಬೇಕು. ಅಲ್ಲಿವರೆಗೂ ಮಾವ ಕೊಡಪಾನ ಎತ್ತುವ ಹಾಗಿಲ್ಲ.

ಶಿವಮೊಗ್ಗ ಚಿಕ್ಕಪ್ಪ: ಕಾರು ನಾನು ತರುತ್ತೇನೆ. ಆದರೆ ತುಪ್ಪದ ವಿಷಯ ನರ್ಸ್ ಹತ್ತಿರ ನಾನೇ ಕೇಳುವವನು.

ಅತ್ತಿಗೆ: ಕೇಳಿ. ನಿಧಾನವಾಗಿ ಇಳಿಸುವುದಕ್ಕೆ ನನ್ನದೂ ತಕರಾರಿಲ್ಲ.

ದೊಡ್ಡಪ್ಪ: ನನ್ನದು ಇದೆ.